ಫಿಟ್ಸ್ ಇರುವ ನಾಯಿಗೆ ಭಯದ ಮಾತ್ರೆ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಸಾಕ್ತೀವಿ, ಎರಡು ಸೀಮೆ ಹಸು ಇವೆ. ನಮ್ಮ ಮಣಿ ಲ್ಯಾಬ್ರಡಾರ್ ಗಂಡು, 4 ವರ್ಷ, 28 ಕೆ.ಜಿ. ಎರಡು ವರ್ಷದಿಂದ ಫಿಟ್ಸ್ ಬರ್ತಿದೆ. ಗಾರ್ಡಿನಾಲ್ 60 ಬೆಳಿಗ್ಗೆ ಒಂದು, ರಾತ್ರಿ ಒಂದು ಹಾಕ್ತಿದ್ದೀವಿ. ಈ ವರ್ಷ 4 ಸಲ ಬಂತು. ಒಂದು ಗಣಪತಿ ಬಿಟ್ಟ ರಾತ್ರಿ, ಎರಡು ಸಲ ರೇಷ್ಮೆ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ತಯಾರಾಗುವ ದಿನಗಳಲ್ಲಿ, ಇನ್ನೊಂದು ಸುಮ್ನೆ ಮಲಗಿದ್ದಾಗ. ಪಟಾಕಿ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿಕೊಂಡು ಗಡಗಡ ನಡುಗ್ತಾನೆ. ಒಬ್ಬನೇ ಇದ್ದರೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ತಾನೆ. ಡಾಕ್ಟರು ಫ್ಲೂಆಕ್ಸೆಟಿನ್ ಶುರು ಮಾಡೋಣ ಅಂದರು. ಮೆಡಿಕಲ್ ಸ್ಟೋರಿನವರು ‘ಇದು ಮನುಷ್ಯರ ಡಿಪ್ರೆಶನ್ ಮಾತ್ರೆ, ಫಿಟ್ಸ್ ಜಾಸ್ತಿ ಮಾಡುತ್ತೆ’ ಅಂದರು. ಫಾರ್ಮಸಿ ಓದುತ್ತಿರುವ ನನ್ನ ತಂಗಿ ಮಗ ‘ಇಲ್ಲ, ಮಿದುಳಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಜಾಸ್ತಿಯಾದರೆ ಇಲಿಗಳಲ್ಲಿ ಫಿಟ್ಸ್ ಕಡಿಮೆಯಾಗಿದೆ’ ಅಂತಾನೆ. ಯಾರ ಮಾತು ನಂಬಲಿ? ಅಂದ ಹಾಗೆ, ಉಣ್ಣೆ ಜಾಸ್ತಿ ಅಂತ ಹಸುವಿಗೆ ತಂದ ಅಮಿಟ್ರಾಜ್ ಔಷಧಿಯನ್ನೇ ನೀರಿಗೆ ಬೆರೆಸಿ ಅವನಿಗೂ 15 ದಿನಕ್ಕೊಮ್ಮೆ ಹಚ್ಚುತ್ತೀವಿ. ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ಅದರಿಂದಲೇ ಶುರು ಮಾಡುತ್ತೇನೆ. ನೀವು ‘ಅಂದ ಹಾಗೆ’ ಅಂತ ಸೇರಿಸಿದ ಆ ಸಾಲನ್ನು ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ? ಹೇಳಿಲ್ಲ ಅಂತ ನನ್ನ ಊಹೆ. ಉಣ್ಣೆ ಔಷಧಿಯನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಬೇರೆ ಏನಾದರೂ ಕೊಡ್ತಿದ್ದೀರಾ’ ಅಂತ ನಾನು ಕೇಳಿದರೆ, ಹತ್ತರಲ್ಲಿ ಒಂಬತ್ತು ಜನ ‘ಏನೂ ಇಲ್ಲ ಸಾರ್’ ಅನ್ನುತ್ತಾರೆ. ಆಮೇಲೆ ನಾಯಿಯ ಮೈ ಮೂಸಿ ನೋಡಿದರೆ ಉಣ್ಣೆ ಔಷಧಿ ವಾಸನೆ.

ಅಮಿಟ್ರಾಜ್ ಉಣ್ಣೆ ಕೊಲ್ಲುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ. ದೇಹದಲ್ಲಿ ಸೆರೊಟೋನಿನನ್ನು ಒಡೆದು ಕರಗಿಸುವ ಕಿಣ್ವವನ್ನು ತಡೆಯುತ್ತದೆ. ಫ್ಲೂಆಕ್ಸೆಟಿನ್, ಒಮ್ಮೆ ಹೊರಬಂದ ಸೆರೊಟೋನಿನ್ ಮತ್ತೆ ನರಕೋಶದ ಒಳಗೆ ಹೋಗದಂತೆ ತಡೆಯುತ್ತದೆ. ಒಂದು ಕಡೆ ಖಾಲಿಯಾಗುವ ದಾರಿ ಮುಚ್ಚಿತು, ಇನ್ನೊಂದು ಕಡೆ ವಾಪಸ್ ಹೋಗುವ ದಾರಿ ಮುಚ್ಚಿತು. ಎರಡೂ ಸೇರಿದರೆ ಸೆರೊಟೋನಿನ್ ಮಿತಿಮೀರಿ ನಿಲ್ಲುತ್ತದೆ. ಆಗ ಫಿಟ್ಸ್ ಇಲ್ಲದ ನಾಯಿಗೂ ಫಿಟ್ಸ್ ಬರಬಹುದು. ಅದಕ್ಕೇ ನಾಯಿಗಳಿಗೆಂದು ಬರುವ ಫ್ಲೂಆಕ್ಸೆಟಿನ್ ಮಾತ್ರೆಯ ಸೂಚನೆಯಲ್ಲಿ ಅಮಿಟ್ರಾಜ್ ಹೆಸರು ಹಿಡಿದೇ ಬೇಡ ಅಂದಿದ್ದಾರೆ. ಇಂಥ ಔಷಧಿ ನಿಲ್ಲಿಸಿ ಕನಿಷ್ಠ 14 ದಿನ ಆದ ಮೇಲಷ್ಟೇ ಫ್ಲೂಆಕ್ಸೆಟಿನ್ ಶುರು ಮಾಡಬಹುದು. ತಿರುಗುಮುರುಗಾಗಿ, ಫ್ಲೂಆಕ್ಸೆಟಿನ್ ಬಿಟ್ಟ ಮೇಲೆ ಅಮಿಟ್ರಾಜ್ ಹಚ್ಚಬೇಕಾದರೆ 6 ವಾರ ಕಾಯಬೇಕು. ಆ ಮಾತ್ರೆ ದೇಹದಿಂದ ಅಷ್ಟು ನಿಧಾನವಾಗಿ ಇಳಿಯುತ್ತದೆ.

ಆದ್ದರಿಂದ ಹಸುವಿನ ಬಾಟಲಿ ಹಸುವಿಗೇ ಇರಲಿ. ಮಣಿಗೆ ಇವತ್ತಿನಿಂದಲೇ ಬೇಡ.

ಈಗ ಮೆಡಿಕಲ್ ಸ್ಟೋರ್ ಮತ್ತು ತಂಗಿ ಮಗನ ಜಗಳಕ್ಕೆ ಬರೋಣ. ಇಬ್ಬರದೂ ಅರ್ಧರ್ಧ ಸರಿ. ಹೇಗೆ ಅಂತ ಹೇಳಲು ನಮ್ಮ ಕಡೆಯದೇ ಒಂದು ಹೋಲಿಕೆ ತೆಗೆದುಕೊಳ್ಳುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಹಿಂದೆ ನೀರುಗಂಟಿ ಇರುತ್ತಿದ್ದ. ನಿಮ್ಮ ತಾತನ ಕಾಲದಲ್ಲಿ ನೋಡಿರುತ್ತಾರೆ. ಅವನು ನೀರು ತರುವವನಲ್ಲ. ಯಾವ ತೂಬು ಎಷ್ಟು ಹೊತ್ತು ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹರಿಯಬೇಕು ಅಂತ ನೋಡಿಕೊಳ್ಳುವವನು. ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚುಕಡಿಮೆ ಅಂಥ ನೀರುಗಂಟಿ. ನರಕೋಶಗಳ ಮೇಲೆ ಅದು ಕೈಯಿಡುವ ತೂಬುಗಳು, ಅಂದರೆ ರಿಸೆಪ್ಟರುಗಳು, ಕನಿಷ್ಠ 14 ಬಗೆ. ಕೆಲವು ನರಕೋಶವನ್ನು ಸುಮ್ಮನಾಗಿಸುತ್ತವೆ, ಕೆಲವು ಎಬ್ಬಿಸುತ್ತವೆ. ಫಿಟ್ಸ್ ಅಂದರೆ ಸಾವಿರಾರು ನರಕೋಶಗಳು ತಾಳ ತಪ್ಪಿ ಒಟ್ಟಿಗೆ ಹೊತ್ತಿಕೊಳ್ಳುವುದು. ನೀರುಗಂಟಿ ಇಲ್ಲದ ಕೆರೆಯೂ ಕಷ್ಟ, ಎಲ್ಲ ತೂಬನ್ನೂ ಒಂದೇ ಸಲ ಎತ್ತಿಬಿಡುವ ನೀರುಗಂಟಿಯೂ ಕಷ್ಟ.

ನಿಮ್ಮ ತಂಗಿ ಮಗ ಹೇಳುವ ಇಲಿಗಳು ನಿಜವಾಗಿಯೂ ಇವೆ. ಜೋರು ಸದ್ದು ಕೇಳಿದರೆ ಸಾಕು, ಫಿಟ್ಸ್ ಬಂದು ಬೀಳುವಂಥ ತಳಿಯ ಇಲಿಗಳನ್ನು ಅಮೆರಿಕದಲ್ಲಿ ಬೆಳೆಸಿದ್ದಾರೆ. ಅವುಗಳ ಮಿದುಳಿನಲ್ಲಿ ಸೆರೊಟೋನಿನ್ ವ್ಯವಸ್ಥೆಯೇ ದುರ್ಬಲ. ಫ್ಲೂಆಕ್ಸೆಟಿನ್ ಕೊಟ್ಟಾಗ ಅವುಗಳ ಫಿಟ್ಸ್ ತಗ್ಗಿತು. ಇನ್ನೊಂದು ತಳಿಯ ಸುಂಡಿಲಿಗಳಲ್ಲಿ ಸದ್ದಿಗೆ ಫಿಟ್ಸ್ ಬಂದು, ಅದು ಮುಗಿದ ಕೂಡಲೇ ಉಸಿರು ನಿಂತು ಸಾಯುತ್ತವೆ. ಮೊದಲೇ ಫ್ಲೂಆಕ್ಸೆಟಿನ್ ಕೊಟ್ಟರೆ ಉಸಿರು ನಿಲ್ಲಲಿಲ್ಲ. 1995ರಲ್ಲಿ ಒಂದು ಬಗೆಯ ಸೆರೊಟೋನಿನ್ ರಿಸೆಪ್ಟರ್ ಇಲ್ಲದ ಸುಂಡಿಲಿಗಳ ಬಗ್ಗೆ ವರದಿ ಬಂತು. ಅವು ಡುಮ್ಮಗಾದವು, ತಾವಾಗಿಯೇ ಫಿಟ್ಸ್ ಬಂದು ಸತ್ತವು. ಮನುಷ್ಯರಲ್ಲೂ ಒಂದು ಸ್ವಾರಸ್ಯದ ಕತೆ ಇದೆ. ಫೆನ್‌ಫ್ಲೂರಮಿನ್ ಅಂತ ತೂಕ ಇಳಿಸುವ ಮಾತ್ರೆ ಇತ್ತು. ಹೃದಯದ ಕವಾಟ ಹಾಳಾಗುತ್ತದೆ ಅಂತ 1997ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯಿಂದ ತೆಗೆದರು. ಅದು ಸೆರೊಟೋನಿನ್ ಹೊರಬಿಡಿಸುವ ಔಷಧಿ. ಅದೇ ಔಷಧಿಗೆ 2020ರಲ್ಲಿ, ಕಡಿಮೆ ಪ್ರಮಾಣದಲ್ಲಿ, ಡ್ರಾವೆ ಸಿಂಡ್ರೋಮ್ ಅನ್ನುವ ಮಕ್ಕಳ ಗಟ್ಟಿ ಫಿಟ್ಸ್ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಹುಡುಗ ಓದಿರುವುದು ಸುಳ್ಳಲ್ಲ.

ಆದರೆ ಮಣಿ ಇಲಿ ಅಲ್ಲ. ಇಲಿಗಳಲ್ಲೂ ಎಲ್ಲ ಇಲಿ ಒಂದೇ ಅಲ್ಲ. ಬೀಳದೆ, ಒದ್ದಾಡದೆ, ಕೆಲವು ಕ್ಷಣ ಮಂಕಾಗಿ ನಿಲ್ಲುವಂಥ ಫಿಟ್ಸ್ ಇರುವ ಇನ್ನೊಂದು ತಳಿಯಲ್ಲಿ, ಸೆರೊಟೋನಿನ್‌ನ ಒಂದು ತೂಬನ್ನು ಒತ್ತುವ ಔಷಧಿ ಕೊಟ್ಟಾಗ ಫಿಟ್ಸ್ ಹೆಚ್ಚಾಗಿದೆ. ತೂಬು ಯಾವುದು, ಫಿಟ್ಸ್ ಎಂಥದ್ದು, ಪ್ರಮಾಣ ಎಷ್ಟು ಅನ್ನುವುದರ ಮೇಲೆ ಉತ್ತರ ಉಲ್ಟಾ ಆಗುತ್ತದೆ.

ಮೆಡಿಕಲ್ ಸ್ಟೋರಿನವರ ಮಾತಿನ ಬೇರು ಬೇರೆ ಕಡೆ ಇದೆ. ನಾಯಿಗಳ ಒಂಟಿತನದ ಭಯಕ್ಕೆಂದು ಫ್ಲೂಆಕ್ಸೆಟಿನ್‌ಗೆ ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಸೂಚನೆಯಲ್ಲೇ ‘ಫಿಟ್ಸ್ ಇರುವ, ಹಿಂದೆ ಬಂದಿದ್ದ ನಾಯಿಗಳಿಗೆ ಬೇಡ’ ಅಂತ ಇದೆ. ಇದನ್ನು ಹಗುರವಾಗಿ ನೋಡಬೇಡಿ. ಹಾಗಂತ ‘ಕೊಟ್ಟರೆ ಫಿಟ್ಸ್ ಬಂದೇ ಬರುತ್ತದೆ’ ಅಂತಲೂ ಅದರ ಅರ್ಥ ಅಲ್ಲ. ಫಿಟ್ಸ್ ಇರುವ ನಾಯಿಗಳಲ್ಲಿ ಈ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಕಡಿಮೆ. ಅದಕ್ಕೇ ಎಚ್ಚರಿಕೆ. ಮನುಷ್ಯರ ವಿಷಯದಲ್ಲಿ, ಔಷಧಿ ಪರೀಕ್ಷೆಗಳ ಹಳೆಯ ಲೆಕ್ಕವನ್ನೆಲ್ಲ ಒಟ್ಟು ಹಾಕಿ 2007ರಲ್ಲಿ ನೋಡಿದಾಗ, ಫ್ಲೂಆಕ್ಸೆಟಿನ್ ಗುಂಪಿನ ಮಾತ್ರೆ ತೆಗೆದುಕೊಂಡವರಲ್ಲಿ ಫಿಟ್ಸ್ ಜಾಸ್ತಿಯಾಗಿರಲಿಲ್ಲ. ಹೋಲಿಕೆಗೆಂದು ಔಷಧಿಯೇ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಿಗಿಂತ ಕಡಿಮೆಯೇ ಇತ್ತು. ಜಾಸ್ತಿ ಕಂಡದ್ದು ಕ್ಲೊಮಿಪ್ರಮಿನ್‌ನಂಥ ಒಂದೆರಡು ಮಾತ್ರೆಗಳಲ್ಲಿ. ಕ್ಲೊಮಿಪ್ರಮಿನ್ ನಾಯಿಗಳ ಭಯಕ್ಕೂ ಬಳಕೆಯಲ್ಲಿದೆ. ನನ್ನನ್ನು ಕೇಳಿದರೆ, ಮಣಿಯಂಥ ನಾಯಿಗೆ ನಾನು ಅದರ ಹತ್ತಿರ ಹೋಗುವುದಿಲ್ಲ.

ಇನ್ನೊಂದು ಮಾತ್ರೆಯ ಹೆಸರು ನೆನಪಿಟ್ಟುಕೊಳ್ಳಿ: ಟ್ರಮಡಾಲ್. ನೋವಿನ ಮಾತ್ರೆ. ಲ್ಯಾಬ್ರಡಾರಿಗೆ ವಯಸ್ಸಾದ ಮೇಲೆ ಸೊಂಟ, ಮಂಡಿ ನೋವು ಬಂದೇ ಬರುತ್ತದೆ ಅನ್ನಬಹುದು. ಆಗ ಯಾರಾದರೂ ಇದನ್ನು ಬರೆದುಕೊಡಬಹುದು. ಇದೂ ಸೆರೊಟೋನಿನ್ ಏರಿಸುತ್ತದೆ, ಫಿಟ್ಸ್ ಬರುವ ಮಿತಿಯನ್ನು ತಗ್ಗಿಸುತ್ತದೆ. ಮಣಿಗೆ ಫಿಟ್ಸ್ ಇದೆ ಅಂತ ಆಗ ನೀವೇ ಬಾಯಿಬಿಟ್ಟು ಹೇಳಬೇಕು. ನಿದ್ದೆ ಬರುತ್ತದೆ ಅಂತ ಮನುಷ್ಯರು ತೆಗೆದುಕೊಳ್ಳುವ 5-ಎಚ್‌ಟಿಪಿ ಅನ್ನುವ ಪೂರಕ ಮಾತ್ರೆಯೂ ಇದೇ ಸಾಲಿಗೆ ಸೇರಿದ್ದು. ಅದನ್ನು ಡಬ್ಬಿ ಸಮೇತ ಕಚ್ಚಿ ತಿಂದ ನಾಯಿಗಳು ನಡುಕ, ಫಿಟ್ಸ್, ಕೆಲ ಹೊತ್ತಿನ ಕುರುಡಿನೊಂದಿಗೆ ಆಸ್ಪತ್ರೆ ಸೇರಿದ ದಾಖಲೆಗಳಿವೆ. ನಿಮ್ಮ ಹಳ್ಳಿಯಲ್ಲಿ ಸಿಗಲಿಕ್ಕಿಲ್ಲ, ಆದರೆ ಬೆಂಗಳೂರಿಂದ ಬರುವ ನೆಂಟರ ಬ್ಯಾಗಿನಲ್ಲಿ ಇರಬಹುದು.

ಇಷ್ಟು ಹೇಳಿದ ಮೇಲೂ, ಮಣಿಯ ಫಿಟ್ಸಿಗೆ ಸೆರೊಟೋನಿನ್ ಚರ್ಚೆಗಿಂತ ಹತ್ತಿರದ ಕಾರಣ ನಿಮ್ಮ ಪತ್ರದಲ್ಲೇ ಇದೆ ಅಂತ ನನಗೆ ಅನುಮಾನ. ನಾಲ್ಕರಲ್ಲಿ ಎರಡು ಫಿಟ್ಸ್ ಹುಳು ಹಣ್ಣಾಗುವ ದಿನಗಳಲ್ಲಿ ಬಂದಿವೆ. ನನ್ನ ಅಜ್ಜಿ ಮನೆಯಲ್ಲೂ ರೇಷ್ಮೆ ಇತ್ತು, ಆ ದಿನಗಳು ಹೇಗಿರುತ್ತವೆ ಅಂತ ಬಲ್ಲೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಸೊಪ್ಪು ಹಾಕಿ ಹಾಕಿ ಕೈ ಸೋಲುತ್ತದೆ. ಹಣ್ಣು ಹುಳು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಕೆಲವು ದಿನ ಕಳೆದ ಮೇಲೆ, ಬೆಳಗಾಗುವ ಮುಂಚೆ ಗೂಡು ಹೊತ್ತು ಮಾರುಕಟ್ಟೆಗೆ. ಇದರ ನಡುವೆ ಮಣಿಯ ರಾತ್ರಿ ಮಾತ್ರೆ ಎಷ್ಟು ಹೊತ್ತಿಗೆ ಬಿತ್ತು? ಬಿತ್ತಾ? ಬೈಯುತ್ತಿಲ್ಲ, ಕೇಳುತ್ತಿದ್ದೇನೆ.

ಗಾರ್ಡಿನಾಲ್, ಅಂದರೆ ಫಿನೋಬಾರ್ಬಿಟೋನ್, 12 ಗಂಟೆಗೊಮ್ಮೆ ಬೀಳಬೇಕು. ಒಂದೆರಡು ಹೊತ್ತು ತಪ್ಪಿದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ, ಆ ಇಳಿತವೇ ಫಿಟ್ಸನ್ನು ಕರೆಯುತ್ತದೆ. ಇನ್ನೊಂದು ಮಾತು. ಈ ಮಾತ್ರೆ ತಿಂಗಳುಗಟ್ಟಲೆ ಕೊಟ್ಟರೆ ಲಿವರ್ ಚುರುಕಾಗಿ ಅದನ್ನೇ ಬೇಗ ಬೇಗ ಕರಗಿಸಿಬಿಡುತ್ತದೆ. ಎರಡು ವರ್ಷದ ಹಿಂದೆ ಸಾಕಾಗುತ್ತಿದ್ದ 60 ಮಿ.ಗ್ರಾಂ. ಈಗ ಸಾಲದೇ ಇರಬಹುದು. ಮಾತ್ರೆಯ ಲೆಕ್ಕ ನೋಡಿದರೆ ಇದು ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆಯೇ ಬೇಕು. ಒಂದು ಮಿಲಿಲೀಟರಿನಲ್ಲಿ 15ರಿಂದ 35 ಮೈಕ್ರೊಗ್ರಾಂ ಇರಬೇಕು. ನಾನು 25ರ ಆಸುಪಾಸು ಇದ್ದರೆ ಸಮಾಧಾನಪಡುತ್ತೇನೆ. 35 ದಾಟಿದರೆ ಲಿವರಿಗೆ ಕೆಟ್ಟದ್ದು. ಮನುಷ್ಯರ ಲ್ಯಾಬಿನಲ್ಲೂ ಈ ಪರೀಕ್ಷೆ ಮಾಡಬಹುದು. ರಕ್ತವನ್ನು ಜೆಲ್ ಇಲ್ಲದ ಟ್ಯೂಬಿನಲ್ಲಿ ತೆಗೆಯಲು ಹೇಳಿ, ಜೆಲ್ ಔಷಧಿಯನ್ನು ಹೀರಿಕೊಂಡು ಲೆಕ್ಕ ಕಡಿಮೆ ತೋರಿಸುತ್ತದೆ. ಜೊತೆಗೆ ಲಿವರ್ ಪರೀಕ್ಷೆಯೂ ಆಗಲಿ.

ಹುಳು ಹಣ್ಣಾಗುವ ದಿನಗಳಲ್ಲಿ ಇನ್ನೂ ಒಂದು ಸಾಧ್ಯತೆ ಇದೆ. ನಿಮ್ಮ ಅಥವಾ ಪಕ್ಕದವರ ತೋಟಕ್ಕೆ ಕೀಟನಾಶಕ ಹೊಡೆದಿದ್ದರು, ಮಣಿ ಅಲ್ಲಿ ಓಡಾಡಿದ್ದ ಅಂತಾದರೆ ಅದೂ ಫಿಟ್ಸ್ ತರಬಲ್ಲದು. ಬಾಯಲ್ಲಿ ಜೊಲ್ಲು, ಸಣ್ಣ ಕಣ್ಣುಪಾಪೆ, ಭೇದಿ ಇತ್ತಾ ಅಂತ ನೆನಪು ಮಾಡಿಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಫಿಟ್ಸ್ ಬಂದ ತಾರೀಖು, ಗಂಟೆ, ಎಷ್ಟು ನಿಮಿಷ, ಹಿಂದಿನ ದಿನ ಮಾತ್ರೆ ಬಿದ್ದ ಸಮಯ, ಮನೆಯಲ್ಲಿ ಏನು ನಡೆಯುತ್ತಿತ್ತು, ಅಷ್ಟನ್ನೂ ಬರೆದಿಡಿ. ‘ಅಮಾವಾಸ್ಯೆಗೇ ಬರುತ್ತೆ ಸಾರ್’ ಅಂತ ನನ್ನ ಬಳಿ ಬಂದವರು ಎಷ್ಟೋ ಜನ. ಬರೆದಿಡಲು ಶುರು ಮಾಡಿದ ಮೇಲೆ ಅಮಾವಾಸ್ಯೆ ಹೋಗಿ, ಮರೆತ ಮಾತ್ರೆ ಸಿಕ್ಕಿದ್ದೇ ಜಾಸ್ತಿ.

ಇನ್ನು ಭಯದ ವಿಷಯ. ‘ನಾಯಿ ತಾನೇ, ಪಟಾಕಿಗೆ ಹೆದರೋದು ಸಹಜ’ ಅಂತ ಬಿಡುವ ಹಾಗಿಲ್ಲ. ಫಿಟ್ಸ್ ಇರುವ ನಾಯಿಗಳಲ್ಲಿ ಭಯ, ಗಾಬರಿ ಉಳಿದ ನಾಯಿಗಳಿಗಿಂತ ಜಾಸ್ತಿ ಅಂತ ಕಂಡುಬಂದಿದೆ. ಮಿದುಳಿನ ಅದೇ ತೊಂದರೆ ಎರಡು ಮುಖ ತೋರಿಸುತ್ತಿರಬಹುದು. ಗಾಬರಿ, ನಿದ್ದೆಗೇಡು ಮತ್ತೆ ಫಿಟ್ಸಿಗೆ ದಾರಿ ಮಾಡುತ್ತವೆ. ಹಾಗಾಗಿ ಔಷಧಿಗೆ ಹೆದರಿ ಭಯವನ್ನು ಹಾಗೇ ಬಿಡುವುದಕ್ಕೂ ಒಂದು ಬೆಲೆ ಇದೆ. ನಿಮ್ಮ ಡಾಕ್ಟರು ಭಯಕ್ಕೆ ಏನಾದರೂ ಮಾಡೋಣ ಅಂದದ್ದು ಸರಿಯಾದ ಯೋಚನೆಯೇ. ಆದರೆ ಒಂದನ್ನು ಬೇರ್ಪಡಿಸಿ ನೋಡಿ. ಫಿಟ್ಸ್ ಆದ ಮೇಲಿನ ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನ, ಗುರುತು ಸಿಗದವನಂತೆ ಅಲೆದಾಡುವುದು, ಗುರ್ ಅನ್ನುವುದು ಭಯದ ಕಾಯಿಲೆ ಅಲ್ಲ. ಅದಕ್ಕೆ ಫ್ಲೂಆಕ್ಸೆಟಿನ್ ಬೇಕಾಗಿಲ್ಲ.

ನಾನಾಗಿದ್ದರೆ ಹೀಗೆ ಹೋಗುತ್ತೇನೆ. ಮೊದಲು ರಕ್ತ ಪರೀಕ್ಷೆ, ಗಾರ್ಡಿನಾಲ್ ಪ್ರಮಾಣ ಸರಿಪಡಿಸುವುದು. ಪ್ರಮಾಣ ಬದಲಿಸಿದ ಎರಡು ವಾರಕ್ಕೆ ಮತ್ತೆ ರಕ್ತ. ಇಷ್ಟಕ್ಕೇ ಫಿಟ್ಸ್ ದೂರವಾಗಬಹುದು. ಆಗದಿದ್ದರೆ ಲೆವೆಟಿರಾಸಿಟಮ್ ಅಥವಾ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸುವ ಯೋಚನೆ. ಬ್ರೋಮೈಡ್ ಕೊಡುವಾಗ ಊಟದ ಉಪ್ಪು ದಿನಕ್ಕೊಂದು ಥರ ಆಗಬಾರದು. ಇವತ್ತು ಸಾರನ್ನ, ನಾಳೆ ಬರೀ ಮುದ್ದೆ ಹಾಲು ಅಂದರೆ ಔಷಧಿ ಮಟ್ಟ ಏರುಪೇರಾಗುತ್ತದೆ.

ಪಟಾಕಿಯ ಒಂದೆರಡು ರಾತ್ರಿಗಾದರೆ ತಿಂಗಳುಗಟ್ಟಲೆ ಮಾತ್ರೆ ಯಾಕೆ? ಫ್ಲೂಆಕ್ಸೆಟಿನ್ ಕೆಲಸ ತೋರಿಸಲು 4ರಿಂದ 6 ವಾರ ಬೇಕು. ದೀಪಾವಳಿಗೆ ಎರಡು ದಿನ ಮುಂಚೆ ಶುರು ಮಾಡಿ ಪ್ರಯೋಜನವಿಲ್ಲ. ಆ ರಾತ್ರಿಗಳಿಗೆ ಗ್ಯಾಬಪೆಂಟಿನ್ ಅಥವಾ ಆಲ್‌ಪ್ರಜೋಲಮ್ ಗುಂಪಿನ ಮಾತ್ರೆ ನನ್ನ ಮೊದಲ ಆಯ್ಕೆ. ಎರಡೂ ಫಿಟ್ಸಿಗೆ ವಿರೋಧವಾಗಿ ನಿಲ್ಲುವಂಥವು. ಗಾರ್ಡಿನಾಲ್ ಜೊತೆ ಸೇರಿದರೆ ತೂರಾಡುವಷ್ಟು ಮಂಪರು ಬರಬಹುದು, ಹಾಗಾಗಿ ಹಬ್ಬಕ್ಕೆ ಮುಂಚೆ ಒಂದು ಸುಮ್ಮನಿರುವ ದಿನ ಕೊಟ್ಟು ನೋಡಬೇಕು. ಆಲ್‌ಪ್ರಜೋಲಮ್ ದಿನಾ ಕೊಟ್ಟು ತಟ್ಟನೆ ನಿಲ್ಲಿಸಿದರೆ ಅದೇ ಫಿಟ್ಸ್ ತರುತ್ತದೆ. ಗ್ಯಾಬಪೆಂಟಿನ್ ಸಿರಪ್ ಆದರೆ ಅದರಲ್ಲಿ ಜೈಲಿಟಾಲ್ ಅನ್ನುವ ಸಿಹಿ ಇದೆಯಾ ನೋಡಿ, ನಾಯಿಗೆ ಅದು ವಿಷ. ಟ್ರಜೋಡೋನ್ ಕೂಡ ಕೊಡುವವರಿದ್ದಾರೆ. ಅದೂ ಸೆರೊಟೋನಿನ್ ಮೇಲೆಯೇ ಕೆಲಸ ಮಾಡುತ್ತದೆ, ಮೇಲೆ ಹೇಳಿದ ಬೆರಕೆಗಳ ಎಚ್ಚರ ಅದಕ್ಕೂ ಸೇರುತ್ತದೆ. ಅಸಿಪ್ರೊಮಜಿನ್ ಇಂಜೆಕ್ಷನ್ ಹಾಕಿಸಿ ಮಲಗಿಸಿಬಿಡಿ ಅನ್ನುವವರು ಬಹಳ. ಅದು ಫಿಟ್ಸ್ ತರುತ್ತದೆ ಅನ್ನುವ ಹಳೆಯ ಮಾತು, ಫಿಟ್ಸ್ ಇದ್ದ ನಾಯಿಗಳ ದಾಖಲೆ ತೆಗೆದು ನೋಡಿದಾಗ ನಿಲ್ಲಲಿಲ್ಲ. ನನ್ನ ತಕರಾರು ಬೇರೆ. ಅದು ಮೈಯನ್ನು ಮಲಗಿಸುತ್ತದೆ, ಭಯವನ್ನಲ್ಲ. ಹೆದರಿದ ಜೀವಕ್ಕೆ ಓಡಲೂ ಆಗದ ಹಾಗೆ ಮಾಡಿ ನಾವು ‘ಪಾಪ, ಮಲಗಿದೆ’ ಅಂದುಕೊಳ್ಳುತ್ತೇವೆ.

ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವುದು ಮಾತ್ರ ದಿನನಿತ್ಯದ ಭಯ. ಫ್ಲೂಆಕ್ಸೆಟಿನ್ ಬಗ್ಗೆ ಯೋಚಿಸುವುದಾದರೆ ಇದಕ್ಕೇ. ಫಿಟ್ಸ್ ಹತೋಟಿಗೆ ಬಂದು ಕೆಲವು ತಿಂಗಳು ಆಗಿರಬೇಕು, ಅಮಿಟ್ರಾಜ್ ನಿಲ್ಲಿಸಿ 14 ದಿನ ಕಳೆದಿರಬೇಕು, ಟ್ರಮಡಾಲ್‌ನಂಥದ್ದು ಏನೂ ನಡೆಯುತ್ತಿರಬಾರದು. ಕಡಿಮೆ ಪ್ರಮಾಣದಿಂದ ಶುರು, ಫಿಟ್ಸ್ ಲೆಕ್ಕ ನೋಟ್‌ಬುಕ್ಕಿನಲ್ಲಿ. ಹೀಗೆ ಕೊಟ್ಟ ಕೆಲವು ನಾಯಿಗಳು ನನ್ನ ಕೈಯಲ್ಲಿ ಚೆನ್ನಾಗಿವೆ. ಒಂದರಲ್ಲಿ ಮೂರನೇ ವಾರಕ್ಕೆ ಫಿಟ್ಸ್ ಹತ್ತಿರ ಹತ್ತಿರ ಬರತೊಡಗಿ ನಿಲ್ಲಿಸಿದೆ. ಮಾತ್ರೆಯಿಂದಲೋ, ಕಾಯಿಲೆಯೇ ಆ ಹಂತಕ್ಕೆ ಬಂದಿತ್ತೋ ಅಂತ ಇವತ್ತಿಗೂ ಹೇಳಲಾರೆ. ಫ್ಲೂಆಕ್ಸೆಟಿನ್ ಹಸಿವನ್ನು ತಗ್ಗಿಸುತ್ತದೆ. ನೀವು ಗಾರ್ಡಿನಾಲನ್ನು ಅನ್ನದಲ್ಲಿ ಬೆರೆಸಿ ಕೊಡುವವರಾದರೆ, ಅನ್ನ ಬಿಟ್ಟ ದಿನ ಗಾರ್ಡಿನಾಲೂ ತಟ್ಟೆಯಲ್ಲೇ ಉಳಿಯುತ್ತದೆ. ಬಾಯಿಗೆ ಹಾಕಿ ನುಂಗಿಸುವುದನ್ನು ರೂಢಿ ಮಾಡಿ.

ಮಾತ್ರೆಯ ಜೊತೆಗೆ ಮನೆಯಲ್ಲೂ ಕೆಲಸ ಇದೆ. ಸದ್ದಿನ ರಾತ್ರಿ ಅವನನ್ನು ಅಂಗಳದಲ್ಲಿ ಕಟ್ಟಬೇಡಿ. ಒಳಗಿನ ಕೋಣೆ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಟಿವಿ ಸದ್ದು ಇರಲಿ. ಪಕ್ಕದಲ್ಲಿ ಕೂತು ಬೆನ್ನು ಸವರಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು, ಧಾರಾಳವಾಗಿ ಸವರಿ.

ಉಣ್ಣೆಗೆ ಏನು ಮಾಡಲಿ ಅಂತ ಕೇಳುತ್ತೀರಿ. ತಿನ್ನಿಸುವ ಹೊಸ ಉಣ್ಣೆ ಮಾತ್ರೆಗಳಲ್ಲಿ ಫ್ಲೂರಲನರ್, ಅಫಾಕ್ಸೊಲನರ್ ಗುಂಪಿನವು ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ತರಬಹುದು ಅಂತ ಅಮೆರಿಕದ ಔಷಧಿ ಇಲಾಖೆ 2018ರಲ್ಲಿ ಎಚ್ಚರಿಸಿದೆ. ಮಣಿಗೆ ಅವೂ ಬೇಡ. ಬೆನ್ನಿಗೆ ಹಾಕುವ ಹನಿ ಔಷಧಿ ಅಥವಾ ಅಮಿಟ್ರಾಜ್ ಇಲ್ಲದ ಕಾಲರ್ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ಇವೂ ಕೀಟನಾಶಕಗಳೇ. ಅವನನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಸೊಪ್ಪು ಮುಟ್ಟಿದರೆ ಹುಳು ಮನೆಗೆ ನಷ್ಟ. ಹುಳು ಮನೆ ಹತ್ತಿರ ಅವನನ್ನು ಬಿಡಲೇಬೇಡಿ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ನೀರು ಬಿಡುವುದು, ಚಮಚ ತುರುಕುವುದು, ಯಾವುದೂ ಬೇಡ. ಬರೆ ಹಾಕಿಸಿಕೊಂಡು ಬಂದ ನಾಯಿಯನ್ನೂ ನೋಡಿದ್ದೇನೆ. ತಲೆ ಕಲ್ಲಿಗೆ ಬಡಿಯದಂತೆ ಗೋಣಿ ಚೀಲ ಹಾಸಿ, ದೀಪ ಆರಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ 24 ಗಂಟೆಯಲ್ಲಿ ಎರಡನೇ ಸಲ ಬಂದರೆ ಕಾಯುವಂತಿಲ್ಲ. ಗುದದ ಮೂಲಕ ಕೊಡುವ ಡಯಾಜಿಪಾಮ್ ಅಥವಾ ಮೂಗಿಗೆ ಬಿಡುವ ಮಿಡಜೋಲಮ್ ಮನೆಯಲ್ಲಿಡಲು ಡಾಕ್ಟರಿಂದ ಈಗಲೇ ಚೀಟಿ ಬರೆಸಿಕೊಳ್ಳಿ, ಅಳತೆಯನ್ನೂ ಬರೆಸಿಕೊಳ್ಳಿ.

ಫ್ಲೂಆಕ್ಸೆಟಿನ್ ಶುರು ಮಾಡಿದರೆ ಇನ್ನೊಂದು ಚಿತ್ರ ಗೊತ್ತಿರಲಿ. ಕೂರಲಾಗದ ತಳಮಳ, ಜೊಲ್ಲು, ವಾಂತಿ ಭೇದಿ, ಅಗಲವಾದ ಕಣ್ಣುಪಾಪೆ, ಮೈ ನಡುಕ, ಮುಟ್ಟಿದರೆ ಸುಡುವ ಜ್ವರ. ನಾಯಿಯ ಮಾಮೂಲಿ ಮೈಬಿಸಿಯೇ 101ರಿಂದ 102.5 ಡಿಗ್ರಿ, 105ರ ಹತ್ತಿರ ಹೋದರೆ ಅಪಾಯ. ಇದು ಸೆರೊಟೋನಿನ್ ಮಿತಿಮೀರಿದ ಲಕ್ಷಣ. ಮೈ ಒದ್ದೆ ಮಾಡಿ ಆಸ್ಪತ್ರೆಗೆ ಓಡಿ, ಉಣ್ಣೆ ಔಷಧಿ ಹಚ್ಚಿದ್ದರೆ ಬಾಟಲಿ ಜೊತೆಗೆ ಒಯ್ಯಿರಿ. ಇದಕ್ಕೆ ಕೊಡುವ ಔಷಧಿಗಳಲ್ಲಿ ಒಂದು ಸೈಪ್ರೊಹೆಪ್ಟಡಿನ್, ಮಕ್ಕಳಿಗೆ ಹಸಿವಾಗಲಿ ಅಂತ ಕೊಡಿಸುವ ಅದೇ ಸಿರಪ್ಪು. ಮನೆಯಲ್ಲಿದೆ ಅಂತ ನೀವೇ ಕುಡಿಸಲು ಹೋಗಬೇಡಿ, ಆ ಸ್ಥಿತಿಯಲ್ಲಿ ನುಂಗುವುದೇ ಕಷ್ಟ.

ಸ್ಥಳೀಯವಾಗಿ ಯಾರೂ ಸಿಗದಿದ್ದರೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ. ಎರಡು ಔಷಧಿ ಹಾಕಿದರೂ ಫಿಟ್ಸ್ ನಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತೋರಿಸಿ, ನೋಟ್‌ಬುಕ್ ಮರೆಯಬೇಡಿ. ರಕ್ತ ಪರೀಕ್ಷೆಯ ಲೆಕ್ಕ ಬಂದ ಮೇಲೆ ನನಗೊಮ್ಮೆ ಬರೆಯಿರಿ. ಮುಂದಿನ ಬೆಳೆ ಹಣ್ಣಾಗುವ ವಾರಕ್ಕೆ ಮಣಿಯ ರಾತ್ರಿ ಮಾತ್ರೆಯ ಹೊಣೆಯನ್ನು ಮನೆಯಲ್ಲಿ ಯಾರಾದರೂ ಒಬ್ಬರಿಗೆ, ಒಬ್ಬರಿಗೆ ಮಾತ್ರ, ವಹಿಸಿಬಿಡಿ.